ಈಚಲ ಮರದ ಕೆಳಗಿನ ಮಜ್ಜಿಗೆ ಮತ್ತು ಸಂದರ್ಭವರಿತ ಯಂತ್ರ

ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ನೋಡಿದವರು ಹೆಂಡವೆನ್ನುತ್ತಾರೆ ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಸಾಮಾನ್ಯವಾಗಿ ಇದನ್ನು ಮಜ್ಜಿಗೆ ಕುಡಿಯುವವನಿಗೆ ಬುದ್ಧಿವಾದವಾಗಿ ಹೇಳಲಾಗುತ್ತದೆ. ಅಪವಾದ ಬರುವಂತಹ ಜಾಗದಲ್ಲಿ ಕುಳಿತುಕೊಳ್ಳಬೇಡ ಎಂಬುದು ಅದರ ತಾತ್ಪರ್ಯ. ಆದರೆ ಅದೇ ಮಾತಿನಲ್ಲಿ ನೋಡುವವನಿಗೂ ಒಂದು ಪಾಠವಿದೆ. ಅವನ ಕಣ್ಣು ಅವನಿಗೆ ಸುಳ್ಳು ಹೇಳಿಲ್ಲ. ಮರವು ಈಚಲದ್ದೇ ಹೌದು. ಪಾತ್ರೆಯಲ್ಲಿರುವುದು ಬಿಳಿಯ ಪಾನೀಯವೇ ಹೌದು. ಕುಳಿತವನು ಅದನ್ನು ಕುಡಿಯುತ್ತಿರುವುದೂ ನಿಜ. ಸ್ಥಳ, ವಸ್ತು, ಕ್ರಿಯೆ ಈ ಮೂರನ್ನೂ ಅವನು ಸರಿಯಾಗಿಯೇ ಕಂಡಿದ್ದಾನೆ. ಮೂರನ್ನೂ ಕೂಡಿಸಿ ಅವನು ತಲುಪಿದ ತೀರ್ಮಾನ ಮಾತ್ರ ತಪ್ಪಾಗಿದೆ.

ಇಂದು ಈ ನೋಡುವವನ ಸ್ಥಾನದಲ್ಲಿ ಒಂದು ಯಂತ್ರವು ಬಂದು ಕುಳಿತಿದೆ. ಅದು ನಮ್ಮ ಅಂಗಿಯ ಜೇಬಿನಲ್ಲಿದೆ, ಮಣಿಕಟ್ಟಿನಲ್ಲಿದೆ, ವಾಹನದಲ್ಲಿದೆ. ನಾವು ಎಲ್ಲಿದ್ದೇವೆ, ನಡೆಯುತ್ತಿದ್ದೇವೋ ಕುಳಿತಿದ್ದೇವೋ, ಹತ್ತಿರ ಯಾರಿದ್ದಾರೆ, ಗಂಟೆ ಎಷ್ಟು ಎಂಬುದನ್ನೆಲ್ಲ ಅದು ಗಮನಿಸುತ್ತದೆ. ಇವುಗಳಿಂದ ನಾವು ಏನು ಮಾಡುತ್ತಿರಬಹುದೆಂದು ಊಹಿಸಿ, ಆ ಊಹೆಗೆ ತಕ್ಕಂತೆ ವರ್ತಿಸುತ್ತದೆ. ಕಂಪ್ಯೂಟರ್ ವಿಜ್ಞಾನದಲ್ಲಿ ಇದನ್ನು ಸಂದರ್ಭವರಿತ ಗಣನೆ ಎನ್ನಬಹುದು. ಯಂತ್ರವೊಂದಕ್ಕೆ ನಮ್ಮ ಕುರಿತು ಊಹಿಸುವ ಅಧಿಕಾರ ಎಷ್ಟರ ಮಟ್ಟಿಗೆ ಇರಬೇಕು? ಅದರ ಊಹೆಯನ್ನು ನಂಬಿ ನಾವು ಇನ್ನೊಬ್ಬರ ಮೇಲೆ ತೀರ್ಪು ನೀಡಬಹುದೇ? ಈ ಪ್ರಶ್ನೆಗಳನ್ನು ತಂತ್ರಜ್ಞರಿಗೆ ಬಿಟ್ಟು ನಾವು ಸುಮ್ಮನಿರುವಂತಿಲ್ಲ. ಯಾಕೆಂದರೆ ಊಹೆಯು ಮೊದಲಿನಿಂದಲೂ ನೀತಿಯ ವಿಷಯವಾಗಿದೆ.

ಬಿಲ್ಲೆಯಿಂದ ಫೋನಿನವರೆಗೆ

ಈ ವಿದ್ಯೆಯ ಇತಿಹಾಸ ದೀರ್ಘವಾದುದಲ್ಲ. 1989 ಮತ್ತು 1992ರ ನಡುವೆ ಇಂಗ್ಲೆಂಡಿನ ಕೇಂಬ್ರಿಜ್‌ನ ಒಲಿವೆಟ್ಟಿ ಸಂಶೋಧನಾಲಯದಲ್ಲಿ ರಾಯ್ ವಾಂಟ್, ಆಂಡಿ ಹಾಪರ್ ಮತ್ತು ಅವರ ಸಂಗಡಿಗರು ಬಟ್ಟೆಗೆ ಸಿಕ್ಕಿಸಿಕೊಳ್ಳುವ ಒಂದು ಬಿಲ್ಲೆಯನ್ನು ತಯಾರಿಸಿದರು. ಅದು ಸುಮಾರು 15 ಸೆಕೆಂಡಿಗೊಮ್ಮೆ ಕಣ್ಣಿಗೆ ಕಾಣದ ಕಿರಣದ ಮೂಲಕ ತನ್ನ ಗುರುತನ್ನು ಹೊರಸೂಸುತ್ತಿತ್ತು. ಕೋಣೆಗಳಲ್ಲಿ ಅಳವಡಿಸಿದ್ದ ಉಪಕರಣಗಳು ಅದನ್ನು ಗ್ರಹಿಸಿ, ಯಾರು ಯಾವ ಕೋಣೆಯಲ್ಲಿದ್ದಾರೆಂದು ತಿಳಿಸುತ್ತಿದ್ದವು. ಉದ್ದೇಶ ಸರಳವಾಗಿತ್ತು. ಒಬ್ಬರಿಗೆ ದೂರವಾಣಿ ಕರೆ ಬಂದರೆ ಆ ಹೊತ್ತಿಗೆ ಅವರು ಇರುವ ಕಡೆಯ ದೂರವಾಣಿಗೆ ಅದನ್ನು ಕಳುಹಿಸುವುದು.

1991ರಲ್ಲಿ ಅಮೇರಿಕದ ಮಾರ್ಕ್ ವೈಸರ್ ಎಂಬ ವಿಜ್ಞಾನಿ ತನ್ನ ಪ್ರಸಿದ್ಧ ಲೇಖನವೊಂದರಲ್ಲಿ, ಮುಂದಿನ ಶತಮಾನದ ಕಂಪ್ಯೂಟರ್ ಮೇಜಿನ ಮೇಲೆ ಕುಳಿತಿರದೆ ಸುತ್ತಮುತ್ತಲಿನ ವಸ್ತುಗಳಲ್ಲಿ ಕರಗಿ ಹೋಗುವುದೆಂದು ಬರೆದರು. 1994ರಲ್ಲಿ ಬಿಲ್ ಶಿಲಿಟ್ ಮತ್ತು ಸಂಗಡಿಗರು ಇಂತಹ ವ್ಯವಸ್ಥೆಗೆ ಸಂದರ್ಭವರಿತ ಎಂಬ ಹೆಸರನ್ನು ಬಳಕೆಗೆ ತಂದರು. ಸಂದರ್ಭವೆಂದರೇನು ಎಂಬುದಕ್ಕೆ ಅನಿಂದ್ ಡೇ ಮತ್ತು ಗ್ರೆಗರಿ ಅಬೌಡ್ ಎಂಬಿಬ್ಬರು ನೀಡಿದ ವ್ಯಾಖ್ಯೆಯನ್ನು ಈ ಕ್ಷೇತ್ರದಲ್ಲಿ ಬಹಳವಾಗಿ ಬಳಸುತ್ತಾರೆ. ಒಬ್ಬ ವ್ಯಕ್ತಿಯ, ಒಂದು ಸ್ಥಳದ ಅಥವಾ ವಸ್ತುವಿನ ಪರಿಸ್ಥಿತಿಯನ್ನು ವಿವರಿಸಲು ನೆರವಾಗುವ ಯಾವುದೇ ಮಾಹಿತಿ ಅವರ ಪ್ರಕಾರ ಸಂದರ್ಭವಾಗಿದೆ.

ನಮ್ಮ ಮನೆಗಳಲ್ಲಿ ಇದರ ಅತ್ಯಂತ ಪರಿಚಿತ ರೂಪ ಯಾವುದು? ನಮಾಝ್‌ನ ಸಮಯವನ್ನು ತೋರಿಸುವ ಆ್ಯಪ್. ಫೋನು ತಾನಿರುವ ಸ್ಥಳವನ್ನು ಉಪಗ್ರಹಗಳ ನೆರವಿನಿಂದ ತಿಳಿಯುತ್ತದೆ. ಸ್ಥಳ ಮತ್ತು ದಿನಾಂಕದಿಂದ ಸೂರ್ಯನ ಸ್ಥಾನವನ್ನು ಲೆಕ್ಕ ಹಾಕಿ ಐದು ಹೊತ್ತಿನ ಸಮಯವನ್ನು ಹೇಳುತ್ತದೆ. ಒಳಗಿರುವ ದಿಕ್ಸೂಚಿಯಿಂದ ಕಿಬ್ಲಾದ ದಿಕ್ಕನ್ನು ತೋರಿಸುತ್ತದೆ. ಮಂಗಳೂರಿನಲ್ಲಿ ಕಿಬ್ಲಾ ಪಶ್ಚಿಮದಿಂದ ತುಸು ಉತ್ತರಕ್ಕೆ ವಾಲಿದೆ. ದುಡಿಯಲೆಂದು ರಿಯಾದಿಗೆ ಹೋಗಿ ಇಳಿದವನಿಗೆ ಅದು ಪಶ್ಚಿಮದಿಂದ ದಕ್ಷಿಣಕ್ಕೆ ವಾಲುತ್ತದೆ. ಅವನು ಏನನ್ನೂ ಕೇಳದಿದ್ದರೂ ಫೋನು ಇದನ್ನು ಸರಿಪಡಿಸಿಕೊಂಡಿರುತ್ತದೆ. ಇದೊಂದು ಅನುಗ್ರಹವೇ ಸರಿ.

ಆದರೆ ಅದೇ ಪ್ರಯಾಣಿಕನು ಆ ದಿನ ಝುಹರ್ ನಮಾಝನ್ನು ನಾಲ್ಕು ರಕಅತ್ ಮಾಡಬೇಕೋ, ಕಸ್ರ್ ಮಾಡಿ ಎರಡು ರಕಅತ್ ಮಾಡಬೇಕೋ? ಇದಕ್ಕೆ ಅವನು ಎಲ್ಲಿದ್ದಾನೆ ಎಂಬುದಷ್ಟೇ ಸಾಲದು. ಅಲ್ಲಿ ಎಷ್ಟು ದಿನ ತಂಗಲು ಅವನು ಸಂಕಲ್ಪಿಸಿದ್ದಾನೆ ಎಂಬುದೂ ಬೇಕು. ಹನಫೀ ಮದ್‌ಹಬಿನಲ್ಲಿ ಹದಿನೈದು ದಿನಗಳ, ಶಾಫೀ ಮದ್‌ಹಬಿನಲ್ಲಿ ಬರುವ ಹೋಗುವ ದಿನಗಳನ್ನು ಬಿಟ್ಟು ನಾಲ್ಕು ದಿನಗಳ ತಂಗುವಿಕೆಯ ನಿಯ್ಯತ್ ಇಲ್ಲಿ ನಿರ್ಣಾಯಕವಾಗುತ್ತದೆ. ಒಂದೇ ವಿಮಾನದಲ್ಲಿ ಬಂದು ಒಂದೇ ಕೋಣೆಯಲ್ಲಿ ಇಳಿದುಕೊಂಡ ಇಬ್ಬರಲ್ಲಿ ಒಬ್ಬನು ಪೂರ್ತಿ ನಮಾಝ್ ಮಾಡಬೇಕಾಗಿಯೂ ಇನ್ನೊಬ್ಬನು ಕಸ್ರ್ ಮಾಡುವವನಾಗಿಯೂ ಇರಬಹುದು. ಉಪಗ್ರಹಕ್ಕೆ ಅವರಿಬ್ಬರೂ ಒಂದೇ ಬಿಂದು. ವ್ಯತ್ಯಾಸವಿರುವುದು ಅವರ ಮನಸ್ಸಿನಲ್ಲಿ. ಅದನ್ನು ತಿಳಿಯಬೇಕಾದರೆ ಅವರನ್ನು ಕೇಳುವುದರ ಹೊರತು ಬೇರೆ ದಾರಿಯಿಲ್ಲ.

ಮಾದರಿಯಲ್ಲಿ ಇಲ್ಲದ ಕಲಂ

ಯಂತ್ರವು ಸಂದರ್ಭವನ್ನು ಅರಿಯುವ ಬಗೆಯನ್ನು ಸ್ವಲ್ಪ ತಿಳಿದುಕೊಂಡರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಮೊದಲ ಮೆಟ್ಟಿಲಿನಲ್ಲಿ ಇರುವುದು ಬರೀ ಅಂಕಿಗಳು. ಅಕ್ಷಾಂಶ ಇಷ್ಟು, ರೇಖಾಂಶ ಇಷ್ಟು, ಅಲುಗಾಟ ಇಷ್ಟು, ಬೆಳಕು ಇಷ್ಟು. ಎರಡನೆಯ ಮೆಟ್ಟಿಲಿನಲ್ಲಿ ಈ ಅಂಕಿಗಳಿಗೆ ಹೆಸರು ಸಿಗುತ್ತದೆ: ಇವನು ಆಸ್ಪತ್ರೆಯಲ್ಲಿದ್ದಾನೆ, ಎರಡು ಗಂಟೆಯಿಂದ ಅಲ್ಲಿಯೇ ಇದ್ದಾನೆ. ಮೂರನೆಯ ಮೆಟ್ಟಿಲಿನಲ್ಲಿ ಪರಿಸ್ಥಿತಿಯ ನಿರ್ಣಯವಾಗುತ್ತದೆ: ಇವನಿಗೆ ಕಾಯಿಲೆಯಿದೆ. ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವಾಗ ಸಣ್ಣ ತಪ್ಪುಗಳಾಗಬಹುದು. ಎರಡನೆಯದರಿಂದ ಮೂರನೆಯದಕ್ಕೆ ಹಾರುವಾಗಲೇ ದೊಡ್ಡ ಅಪಾಯವಿರುವುದು. ಆಸ್ಪತ್ರೆಯಲ್ಲಿ ರೋಗಿಯೂ ಇರುತ್ತಾನೆ, ರೋಗಿಯನ್ನು ನೋಡಲು ಹೋದವನೂ ಇರುತ್ತಾನೆ, ನೆಲ ಒರೆಸುವವನೂ ಚಹಾ ತಂದುಕೊಡುವ ಹುಡುಗನೂ ಇರುತ್ತಾನೆ.

ಈ ಮಾಹಿತಿಯನ್ನು ಯಂತ್ರವು ಹೇಗೆ ಜೋಡಿಸಿಡಬೇಕು ಎಂಬುದಕ್ಕೆ ಹಲವು ವಿಧಾನಗಳಿವೆ. ಜರ್ಮನಿಯ ಥಾಮಸ್ ಸ್ಟ್ರಾಂಗ್ ಮತ್ತು ಕ್ಲೌಡಿಯಾ ಲಿನ್‌ಹಾಫ್-ಪೊಪಿಯನ್ 2004ರಲ್ಲಿ ಇವುಗಳನ್ನು ಆರು ಬಗೆಯಾಗಿ ವಿಂಗಡಿಸಿದರು. ಸ್ಥಳ ಇಂಥದ್ದು, ಸಮಯ ಇಂಥದ್ದು ಎಂದು ಜೋಡಿ ಜೋಡಿಯಾಗಿ ಬರೆದಿಡುವ ಸರಳ ಪಟ್ಟಿಯು ಅವುಗಳಲ್ಲಿ ಒಂದು. ಯಾವ ವಸ್ತುವಿಗೂ ಯಾವ ವಸ್ತುವಿಗೂ ಏನು ಸಂಬಂಧ ಎಂಬುದನ್ನೆಲ್ಲ ಒಳಗೊಂಡ ವಿಸ್ತಾರವಾದ ಅರ್ಥಜಾಲ ಇನ್ನೊಂದು. ಹೀಗೆ ಜೋಡಿಸಿದ ಮಾಹಿತಿಯಿಂದ ತೀರ್ಮಾನ ತೆಗೆಯಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ನಿಯಮದ ದಾರಿ. ವೇಗ ಇಷ್ಟಕ್ಕಿಂತ ಹೆಚ್ಚಾದರೆ ಇವನು ವಾಹನದಲ್ಲಿದ್ದಾನೆ ಎಂಬಂತೆ. ಇನ್ನೊಂದು, ಸಂಭವನೀಯತೆಯ ದಾರಿ. ಹಿಂದೆ ಹೀಗಿದ್ದಾಗಲೆಲ್ಲ ಹೆಚ್ಚಿನ ಬಾರಿ ಹೀಗೆಯೇ ಆಗಿತ್ತು, ಆದ್ದರಿಂದ ಈಗಲೂ ಹೀಗೆಯೇ ಇರಬಹುದು ಎಂಬಂತೆ.

ಎರಡು ದಾರಿಗೂ ಒಂದು ಸಮಾನ ಮಿತಿಯಿದೆ. ಪಟ್ಟಿಯಲ್ಲಿ ಯಾವ ಕಲಂ ಇಲ್ಲವೋ ಅದು ಯಂತ್ರದ ಪಾಲಿಗೆ ಲೋಕದಲ್ಲಿಯೇ ಇಲ್ಲ. ಎಲ್ಲಿ, ಯಾವಾಗ, ಯಾರೊಂದಿಗೆ ಎಂಬುದಕ್ಕೆ ಕಲಂ ಇರುತ್ತದೆ. ಯಾಕೆ ಎಂಬುದಕ್ಕೆ ಹೆಚ್ಚಾಗಿ ಇರುವುದಿಲ್ಲ. ಇದ್ದರೂ ಅದನ್ನು ತುಂಬುವುದು ಬೇರೆ ಕಲಂಗಳಿಂದ ಊಹಿಸಿಯೇ. ಪಾಲ್ ಡೂರಿಷ್ ಎಂಬ ವಿದ್ವಾಂಸರು 2004ರಲ್ಲಿ ಇದೇ ಬಗೆಯ ಆಕ್ಷೇಪವನ್ನೆತ್ತಿದರು. ಸಂದರ್ಭವೆಂಬುದು ಮೊದಲೇ ಸಿದ್ಧವಾಗಿದ್ದು ಅಳೆದು ತುಂಬಿಕೊಳ್ಳುವ ವಸ್ತುವಲ್ಲ, ಮನುಷ್ಯರು ತಮ್ಮ ಕೆಲಸದ ಮೂಲಕ ಆಗಿಂದಾಗ್ಗೆ ಉಂಟುಮಾಡುವಂಥದ್ದು ಎಂಬುದು ಅವರ ವಾದದ ಸಾರ. ಒಂದೇ ಕೋಣೆ ಬೆಳಿಗ್ಗೆ ತರಗತಿಯಾಗಿರುತ್ತದೆ, ಸಂಜೆ ನಿಕಾಹ್‌ನ ಮಾತುಕತೆಯ ಸ್ಥಳವಾಗಿರುತ್ತದೆ. ಗೋಡೆಗಳು ಅವೇ.

ಮಗುವಿನ ಚಿತ್ರ

ಇದು ಬರೀ ಪಾಂಡಿತ್ಯದ ಚರ್ಚೆಯಲ್ಲ ಎಂಬುದಕ್ಕೆ ಒಂದು ಘಟನೆಯನ್ನು ನೋಡೋಣ. ಇದನ್ನು 2022ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ವಿವರವಾಗಿ ವರದಿ ಮಾಡಿತ್ತು. 2021ರ ಫೆಬ್ರವರಿಯಲ್ಲಿ ಅಮೇರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಒಬ್ಬ ತಂದೆಯ ಪುಟ್ಟ ಮಗನಿಗೆ ಗುಪ್ತಾಂಗದ ಬಳಿ ಬಾವು ಕಾಣಿಸಿಕೊಂಡಿತು. ಅದು ಕೊರೋನಾ ಕಾಲ. ವೈದ್ಯರ ಭೇಟಿ ವೀಡಿಯೋ ಮೂಲಕವೇ ನಡೆಯಬೇಕಿತ್ತು. ಮೊದಲೇ ಚಿತ್ರಗಳನ್ನು ಕಳುಹಿಸಿರೆಂದು ಆಸ್ಪತ್ರೆಯ ದಾದಿ ಹೇಳಿದ್ದರು. ತಂದೆ ತಾಯಿ ಹಾಗೆಯೇ ಮಾಡಿದರು. ವೈದ್ಯರು ಔಷಧ ಬರೆದುಕೊಟ್ಟರು, ಮಗು ಗುಣವಾಯಿತು.

ಆದರೆ ಆ ಚಿತ್ರಗಳು ತಂದೆಯ ಫೋನಿನಿಂದ ತಾನಾಗಿಯೇ ಗೂಗಲ್‌ನ ಸಂಗ್ರಹಕ್ಕೆ ಹೋಗಿದ್ದವು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರಗಳನ್ನು ಪತ್ತೆ ಹಚ್ಚುವ ಯಂತ್ರವು ಅವುಗಳನ್ನು ಗುರುತಿಸಿತು. ಎರಡು ದಿನಗಳಲ್ಲಿ ಅವರ ಖಾತೆ ಮುಚ್ಚಿತು. ವರ್ಷಗಳ ಪತ್ರಗಳು, ಮಗುವಿನ ಬಾಲ್ಯದ ಚಿತ್ರಗಳು, ಅದೇ ಸಂಸ್ಥೆಯಿಂದ ಪಡೆದಿದ್ದ ಫೋನ್ ನಂಬರ್ ಎಲ್ಲವೂ ಹೋದವು. ಪೊಲೀಸರಿಗೆ ದೂರು ಹೋಯಿತು. ಪೊಲೀಸರು ತನಿಖೆ ನಡೆಸಿ, ಇಲ್ಲಿ ಯಾವ ಅಪರಾಧವೂ ಇಲ್ಲವೆಂದು ಪ್ರಕರಣವನ್ನು ಮುಗಿಸಿದರು. ತನಿಖಾಧಿಕಾರಿಗೆ ಆ ತಂದೆಯನ್ನು ಫೋನಿನಲ್ಲಿಯಾಗಲಿ ಇಮೇಲ್‌ನಲ್ಲಿಯಾಗಲಿ ಸಂಪರ್ಕಿಸಲು ಆಗಲಿಲ್ಲ. ಯಾಕೆಂದರೆ ಎರಡನ್ನೂ ಮುಚ್ಚಿಯಾಗಿತ್ತು! ನಿರ್ದೋಷಿಯೆಂಬ ಪೊಲೀಸರ ಮಾತನ್ನು ಮುಂದಿಟ್ಟ ಮೇಲೂ ಸಂಸ್ಥೆಯು ಖಾತೆಯನ್ನು ಮರಳಿಸಲಿಲ್ಲವೆಂದು ವರದಿ ತಿಳಿಸುತ್ತದೆ.

ಮಕ್ಕಳನ್ನು ದುಷ್ಟರಿಂದ ಕಾಪಾಡಬೇಕೆಂಬ ಉದ್ದೇಶ ಒಳ್ಳೆಯದೇ. ಅದನ್ನು ಯಾರೂ ತಳ್ಳಿಹಾಕುವುದಿಲ್ಲ. ಯಂತ್ರವು ಕಂಡದ್ದೂ ಸುಳ್ಳಲ್ಲ. ಚಿತ್ರವಿತ್ತು, ಅದು ಮಗುವಿನದ್ದಾಗಿತ್ತು. ದಾದಿಯ ಮಾತು, ಮಗುವಿನ ನೋವು, ತಾಯಿಯ ಆತಂಕ ಮಾತ್ರ ಅದರ ಪಟ್ಟಿಯಲ್ಲಿರಲಿಲ್ಲ. ಈಚಲ ಮರವೂ ಕಂಡಿತು, ಬಿಳಿಯ ಪಾನೀಯವೂ ಕಂಡಿತು. ಅದು ಮಜ್ಜಿಗೆಯೆಂದು ಕುಡಿಯುವವನು ಹೇಳಿದಾಗ ಕೇಳುವ ಕಿವಿ ಮಾತ್ರ ಇರಲಿಲ್ಲ.

ನೂರಕ್ಕೆ ತೊಂಭತ್ತೊಂಭತ್ತು ಸರಿ ಎಂದರೆ?

ಯಂತ್ರವು ನೂರಕ್ಕೆ ತೊಂಭತ್ತೊಂಭತ್ತು ಬಾರಿ ಸರಿಯಾಗಿಯೇ ಹೇಳುತ್ತದಲ್ಲ ಎಂದು ಕೆಲವರು ವಾದಿಸುತ್ತಾರೆ. ಈ ವಾದವನ್ನು ಒಂದು ಲೆಕ್ಕದ ಮೂಲಕ ಪರಿಶೀಲಿಸೋಣ. ಒಂದು ಊರಿನಲ್ಲಿ 1,00,000 ಜನರಿದ್ದಾರೆ, ಅವರಲ್ಲಿ 100 ಮಂದಿ ನಿಜವಾಗಿ ತಪ್ಪಿತಸ್ಥರು ಎಂದಿಟ್ಟುಕೊಳ್ಳಿ. ತಪ್ಪಿತಸ್ಥರ ವಿಷಯದಲ್ಲಿಯೂ ನಿರಪರಾಧಿಗಳ ವಿಷಯದಲ್ಲಿಯೂ ಯಂತ್ರವು ನೂರಕ್ಕೆ 99 ಬಾರಿ ಸರಿಯಾಗಿದೆ. ಹಾಗಾದರೆ ಅದು 99 ಮಂದಿ ತಪ್ಪಿತಸ್ಥರನ್ನು ಹಿಡಿಯುತ್ತದೆ. ಉಳಿದ 99,900 ಮಂದಿ ನಿರಪರಾಧಿಗಳಲ್ಲಿ ನೂರಕ್ಕೊಬ್ಬರಂತೆ 999 ಮಂದಿಯನ್ನೂ ಹಿಡಿಯುತ್ತದೆ. ಅಂದರೆ ಅದು ಬೆರಳು ತೋರಿಸಿದ 1,098 ಮಂದಿಯಲ್ಲಿ ಹತ್ತರಲ್ಲಿ ಒಂಭತ್ತು ಮಂದಿ ಏನೂ ಮಾಡದವರು! ಯಂತ್ರವು ಕೆಟ್ಟದ್ದಾಗಿರುವುದರಿಂದ ಹೀಗಾಗುವುದಲ್ಲ. ಒಳ್ಳೆಯವರೇ ಬಹುಸಂಖ್ಯೆಯಲ್ಲಿರುವ ಸಮಾಜದಲ್ಲಿ ಎಲ್ಲರ ಮೇಲೂ ಸಂಶಯದ ಕಣ್ಣಿಟ್ಟರೆ ಹೀಗಾಗುತ್ತದೆ.

ಪವಿತ್ರ ಕುರ್‌ಆನ್‌ನ ಅಲ್‌ಹುಜುರಾತ್ ಅಧ್ಯಾಯದಲ್ಲಿ ಸತ್ಯವಿಶ್ವಾಸಿಗಳಿಗೆ ಅತಿಯಾದ ಗುಮಾನಿಯಿಂದ ದೂರವಿರಬೇಕೆಂದೂ ಕೆಲವು ಗುಮಾನಿಗಳು ಪಾಪವಾಗಿವೆಯೆಂದೂ ಆದೇಶಿಸಲಾಗಿದೆ. ಅದರ ಬೆನ್ನಿಗೇ ಇತರರ ಗುಟ್ಟನ್ನು ಕೆದಕಬಾರದೆಂಬ ಆದೇಶವಿದೆ, ಅದರ ನಂತರ ಪರದೂಷಣೆಯ ನಿಷೇಧವಿದೆ. ಈ ಕ್ರಮವು ಗಮನಾರ್ಹವಾಗಿದೆ. ಮೊದಲು ಸಂಶಯ ಹುಟ್ಟುತ್ತದೆ. ಸಂಶಯವು ಮನುಷ್ಯನನ್ನು ಬೇಹುಗಾರಿಕೆಗೆ ಎಳೆಯುತ್ತದೆ. ಬೇಹುಗಾರಿಕೆಯಿಂದ ಸಿಕ್ಕಿದ್ದು ನಾಲಿಗೆಗೆ ಬರುತ್ತದೆ. ಇಂದಿನ ಯಂತ್ರಗಳಲ್ಲಿ ಈ ಕ್ರಮವು ತಿರುಗುಮುರುಗಾಗಿದೆ. ಯಾರ ಮೇಲೂ ಸಂಶಯವಿಲ್ಲದಿದ್ದರೂ ಮೊದಲು ಎಲ್ಲರ ಮಾಹಿತಿಯನ್ನು ಕೂಡಿಡಲಾಗುತ್ತದೆ, ಸಂಶಯವು ಅದರೊಳಗಿಂದ ಆಮೇಲೆ ಹುಟ್ಟುತ್ತದೆ.

ಹಝ್ರತ್ ಉಸಾಮಾ(ರ)ರ ಘಟನೆಯನ್ನು ನಮ್ಮಲ್ಲಿ ಅನೇಕರು ಕೇಳಿರಬಹುದು. ಯುದ್ಧದಲ್ಲಿ ಕತ್ತಿ ಎತ್ತಿದಾಗ ಎದುರಾಳಿಯು ಕಲಿಮಾ ಉಚ್ಚರಿಸಿದನು. ಅವನು ಪ್ರಾಣಭಯದಿಂದಲೇ ಹಾಗೆ ಹೇಳಿದನೆಂದು ಭಾವಿಸಿ ಉಸಾಮಾ(ರ) ಅವನನ್ನು ವಧಿಸಿದರು. ಸಂದರ್ಭವನ್ನು ನೋಡಿದರೆ ಆ ಊಹೆ ಅಸಂಗತವೇನೂ ಆಗಿರಲಿಲ್ಲ. ಆದರೆ ವಿಷಯ ತಿಳಿದ ಪ್ರವಾದಿವರ್ಯರು(ಸ) ತೀವ್ರವಾಗಿ ನೊಂದುಕೊಂಡರು, ಅವನ ಹೃದಯವನ್ನು ಸೀಳಿ ನೋಡಿದ್ದೆಯಾ ಎಂಬ ಅರ್ಥದಲ್ಲಿ ಅವರನ್ನು ಪ್ರಶ್ನಿಸಿದರು. ಸನ್ನಿವೇಶದ ಎಲ್ಲ ಲಕ್ಷಣಗಳೂ ಒಂದು ಕಡೆಗೆ ಬೆರಳು ತೋರುತ್ತಿದ್ದಾಗಲೂ ಆ ವ್ಯಕ್ತಿಯ ಬಾಯಿಯ ಮಾತಿಗೆ ಬೆಲೆಯಿತ್ತು. ಸಂದರ್ಭದಿಂದ ಇನ್ನೊಬ್ಬರ ನಿಯ್ಯತ್ತನ್ನು ಓದಿ ಅದರ ಮೇಲೆ ಸರಿಪಡಿಸಲಾಗದ ಕ್ರಮ ಕೈಗೊಳ್ಳುವುದಕ್ಕೆ ಇದಕ್ಕಿಂತ ಗಂಭೀರವಾದ ಎಚ್ಚರಿಕೆ ಬೇರೆ ಬೇಕೇ?

ಕೇಳುವ ಯಂತ್ರ, ಕೇಳದ ಯಂತ್ರ

ಹಾಗೆಂದು ಊಹೆಯನ್ನೇ ತೊರೆಯಲು ಸಾಧ್ಯವೇ? ಖಂಡಿತ ಸಾಧ್ಯವಿಲ್ಲ. ಮಗು ಅಳುವ ಬಗೆಯಿಂದಲೇ ತಾಯಿ ಹಸಿವನ್ನು ಊಹಿಸುತ್ತಾಳೆ. ನಾಡಿ ಹಿಡಿದು ವೈದ್ಯರು ರೋಗವನ್ನು ಊಹಿಸುತ್ತಾರೆ. ನ್ಯಾಯಾಲಯಗಳು ಸಾಂದರ್ಭಿಕ ಸಾಕ್ಷ್ಯವನ್ನು ಪರಿಗಣಿಸುತ್ತವೆ. ಊಹೆಯಿಲ್ಲದೆ ಒಂದು ದಿನವೂ ಬದುಕು ಸಾಗದು. ಆದ್ದರಿಂದ ಯಂತ್ರವು ಊಹಿಸಬಾರದೆಂದು ಹೇಳುವುದು ಅರ್ಥವಿಲ್ಲದ ಮಾತು. ಊಹಿಸಿದ ಮೇಲೆ ಅದು ಏನು ಮಾಡುತ್ತದೆ ಎಂಬುದನ್ನು ನಾವು ನೋಡಬೇಕಾಗಿದೆ.

ಎರಡು ಸಣ್ಣ ಉದಾಹರಣೆಗಳಿವೆ. 2017ರಲ್ಲಿ ಆಪಲ್ ಕಂಪೆನಿ ತನ್ನ ಫೋನುಗಳಲ್ಲಿ, ಮಾಲೀಕನು ವಾಹನ ಚಲಾಯಿಸುತ್ತಿರುವಂತೆ ಕಂಡರೆ ಸಂದೇಶಗಳ ಸದ್ದನ್ನು ತಡೆಹಿಡಿಯುವ ಸೌಲಭ್ಯವನ್ನು ನೀಡಿತು. ಆದರೆ ಬಸ್ಸಿನಲ್ಲಿ ಕುಳಿತು ಪ್ರಯಾಣಿಸುವವನೂ ಅದೇ ವೇಗದಲ್ಲಿಯೇ ಚಲಿಸುತ್ತಿರುತ್ತಾನಲ್ಲವೇ? ಅದಕ್ಕಾಗಿ, ನಾನು ವಾಹನ ಚಲಾಯಿಸುತ್ತಿಲ್ಲ ಎಂದು ಒತ್ತಿ ಹೇಳಲು ಒಂದು ಗುಂಡಿಯನ್ನೂ ಇಟ್ಟರು. ಒತ್ತಿದರೆ ಫೋನು ಅವನ ಮಾತನ್ನು ನಂಬುತ್ತದೆ. 2018ರಲ್ಲಿ ಅದೇ ಕಂಪೆನಿಯ ಕೈಗಡಿಯಾರದಲ್ಲಿ, ಧರಿಸಿದವನು ಬಲವಾಗಿ ಬಿದ್ದರೆ ಗುರುತಿಸುವ ವ್ಯವಸ್ಥೆ ಬಂತು. ಅದು ಕೂಡಲೇ ಆಂಬುಲೆನ್ಸನ್ನು ಕರೆಯುವುದಿಲ್ಲ. ಮೊದಲು ಮಣಿಕಟ್ಟನ್ನು ತಟ್ಟಿ, ಸದ್ದು ಮಾಡಿ ವಿಚಾರಿಸುತ್ತದೆ. ಸುಮಾರು ಒಂದು ನಿಮಿಷದವರೆಗೆ ಅವನು ಅಲುಗಾಡದಿದ್ದರೆ ಮಾತ್ರ ತುರ್ತು ಕರೆ ಮಾಡುತ್ತದೆ. ಒಂಟಿಯಾಗಿ ಬದುಕುವ ವೃದ್ಧರ ಪಾಲಿಗೆ ಇದು ಪ್ರಾಣರಕ್ಷಕವಾಗಬಹುದು.

ಇಲ್ಲಿಯೂ ಇರುವುದು ಊಹೆಯೇ. ಆದರೆ ಯಂತ್ರವು ತನ್ನ ಊಹೆಯನ್ನು ವ್ಯಕ್ತಿಯ ಮುಂದಿಟ್ಟು ಅವನ ಉತ್ತರಕ್ಕೆ ಕಾಯುತ್ತದೆ. ತಪ್ಪಾದರೆ ಆಗುವ ನಷ್ಟವೂ ಅಲ್ಪ. ಸ್ಯಾನ್ ಫ್ರಾನ್ಸಿಸ್ಕೋದ ತಂದೆಗೆ ಆ ಗುಂಡಿ ಸಿಗಲಿಲ್ಲ. ಅವರು ವಿವರಣೆ ಕೊಟ್ಟರೂ ಅದನ್ನು ಒಪ್ಪಲಿಲ್ಲ. ವಿಕ್ಟೋರಿಯಾ ಬೆಲೊಟ್ಟಿ ಮತ್ತು ಕೀತ್ ಎಡ್ವರ್ಡ್ಸ್ ಎಂಬಿಬ್ಬರು ಸಂಶೋಧಕರು 2001ರಲ್ಲಿಯೇ ಈ ಕುರಿತು ಎಚ್ಚರಿಸಿದ್ದರು. ಮನುಷ್ಯನ ಸಂದರ್ಭದಲ್ಲಿ ಯಂತ್ರದಿಂದ ಗ್ರಹಿಸಲಾಗದ ಅಂಶಗಳಿವೆ. ಆದ್ದರಿಂದ ಯಂತ್ರವು ತನಗೆ ಏನು ತಿಳಿದಿದೆ, ಹೇಗೆ ತಿಳಿಯಿತು, ಏನು ಮಾಡಲಿದ್ದೇನೆ ಎಂಬುದನ್ನು ಬಳಸುವವನಿಗೆ ತಿಳಿಸಬೇಕು ಮತ್ತು ನಿರ್ಧಾರವನ್ನು ಅವನಿಗೆ ಬಿಡಬೇಕು ಎಂಬುದು ಅವರ ಅಭಿಪ್ರಾಯವಾಗಿತ್ತು. ವಿಜ್ಞಾನಿಗಳು ತಮ್ಮ ದಾರಿಯಲ್ಲಿ ನಡೆದು ತಲುಪಿದ ಈ ಮಾತು, ಬಲ್ಲವರು ನೀತಿಯ ದಾರಿಯಲ್ಲಿ ಹೇಳಿಕೊಂಡು ಬಂದ ಮಾತೇ ಆಗಿದೆ: ಊಹೆಯು ಸೇವಕನಾಗಿರಲಿ, ನ್ಯಾಯಾಧೀಶನಾಗದಿರಲಿ.

ಒಂದು ಕಡೆ ಕೊಟ್ಟದ್ದು ಇನ್ನೊಂದು ಕಡೆಗೆ

ಸಂದರ್ಭದ ವಿಷಯದಲ್ಲಿ ಇನ್ನೊಂದು ಅನ್ಯಾಯವೂ ಇದೆ. ವೈದ್ಯರಿಗೆ ಹೇಳಿದ ಮಾತನ್ನು ವೈದ್ಯರು ಅಂಗಡಿಯವನಿಗೆ ಹೇಳಿದರೆ ಮಾತು ನಿಜವಾಗಿದ್ದರೂ ಅದು ದ್ರೋಹವೇ. ಹೆಲೆನ್ ನಿಸೆನ್‌ಬಾಮ್ ಎಂಬ ವಿದ್ವಾಂಸೆ 2004ರಲ್ಲಿ ಖಾಸಗಿತನವನ್ನು ಹೀಗೆಯೇ ವಿವರಿಸಿದರು. ಮಾಹಿತಿಯನ್ನು ಕೊಟ್ಟಾಗ ಇದ್ದ ಸಂದರ್ಭದ ಮರ್ಯಾದೆಯನ್ನು ಮೀರಿ ಅದನ್ನು ಬೇರೆ ಕಡೆಗೆ ಹರಿಯಬಿಟ್ಟರೆ ಅಲ್ಲಿ ಖಾಸಗಿತನದ ಭಂಗವಾಗುತ್ತದೆ. ನಮ್ಮಲ್ಲಿ ಇದಕ್ಕೆ ಅಮಾನತ್ ಎಂಬ ಸುಂದರವಾದ ಪದವಿದೆ. ಒಂದು ಸಭೆಯಲ್ಲಿ ಆಡಿದ ಮಾತೂ ಅಮಾನತ್ ಎಂಬುದು ಪ್ರವಾದಿವರ್ಯರ(ಸ) ಬೋಧನೆಯಾಗಿದೆ.

ಈ ವಿಷಯದಲ್ಲಿ ನಮ್ಮ ಜೇಬಿನವರೆಗೂ ಬಂದ ಒಂದು ಪ್ರಕರಣವಿದೆ. 2020ರ ನವೆಂಬರ್‌ನಲ್ಲಿ ಅಮೇರಿಕದ ಮದರ್‌ಬೋರ್ಡ್ ಎಂಬ ಪತ್ರಿಕೆ ಒಂದು ತನಿಖಾ ವರದಿಯನ್ನು ಪ್ರಕಟಿಸಿತು. ನಮಾಝ್‌ನ ಸಮಯ ಮತ್ತು ಕಿಬ್ಲಾ ತೋರಿಸುವ ಮುಸ್ಲಿಮ್ ಪ್ರೊ ಎಂಬ ಜನಪ್ರಿಯ ಆ್ಯಪ್‌ನಿಂದ ಬಳಕೆದಾರರ ಸ್ಥಳದ ಮಾಹಿತಿಯು ಎಕ್ಸ್-ಮೋಡ್ ಎಂಬ ವ್ಯಾಪಾರಿ ಸಂಸ್ಥೆಗೆ ಹೋಗುತ್ತಿತ್ತೆಂದೂ ಆ ಸಂಸ್ಥೆಯ ಗಿರಾಕಿಗಳಲ್ಲಿ ಅಮೇರಿಕದ ಸೇನೆಗೆ ಕೆಲಸ ಮಾಡುವ ಗುತ್ತಿಗೆದಾರರು ಇದ್ದರೆಂದೂ ಅದು ತಿಳಿಸಿತು. ತಾವು ಸೇನೆಗೆ ಮಾಹಿತಿಯನ್ನು ಮಾರಿಲ್ಲವೆಂದು ಆ್ಯಪ್‌ನವರು ಹೇಳಿದರು, ಆ ಸಂಸ್ಥೆಯೊಂದಿಗಿನ ಸಂಬಂಧವನ್ನು ಕಡಿದುಕೊಂಡರು. 2024ರ ಜನವರಿಯಲ್ಲಿ ಅಮೇರಿಕದ ಫೆಡರಲ್ ಟ್ರೇಡ್ ಕಮಿಷನ್, ಎಕ್ಸ್-ಮೋಡ್ ಮತ್ತು ಅದರ ಉತ್ತರಾಧಿಕಾರಿ ಸಂಸ್ಥೆಯು ಆರಾಧನಾಲಯ, ಆಸ್ಪತ್ರೆಗಳಂತಹ ಸೂಕ್ಷ್ಮ ಸ್ಥಳಗಳ ಮಾಹಿತಿಯನ್ನು ಮಾರಬಾರದೆಂಬ ಆದೇಶಕ್ಕೆ ಒಳಪಡಿಸಿತು. ಕಿಬ್ಲಾ ಯಾವ ಕಡೆಗಿದೆ ಎಂದು ಕೇಳಲು ಕೊಟ್ಟ ಮಾಹಿತಿಗೆ ಮಾರುಕಟ್ಟೆಯಲ್ಲಿ ಬೆಲೆ ಕಟ್ಟಬಹುದೆಂದು ಎಷ್ಟು ಮಂದಿ ಕಲ್ಪಿಸಿದ್ದರು?

ನಮ್ಮ ದೇಶದಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಮ್ ಕೋರ್ಟಿನ ಒಂಭತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. 2023ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಕಾಯ್ದೆಯೂ ಆಯಿತು. ಇವು ಸ್ವಾಗತಾರ್ಹ. ಆದರೆ ಕಾನೂನು ಹೊಸ್ತಿಲಿನವರೆಗೆ ಬರುತ್ತದೆ. ಹೊಸ್ತಿಲಿನ ಒಳಗೆ ನಡೆಯುವುದಕ್ಕೆ ನಾವೇ ಹೊಣೆ.

ಮನೆಯೊಳಗಿನ ನಕ್ಷೆ

ಇಂದು ಅನೇಕ ಮನೆಗಳಲ್ಲಿ ಮಕ್ಕಳ ಫೋನು ಎಲ್ಲಿದೆಯೆಂದು ತಂದೆ ತಾಯಿ ತಮ್ಮ ಫೋನಿನಲ್ಲಿ ನೋಡುತ್ತಾರೆ. ಗಂಡನು ಹೆಂಡತಿಯ, ಹೆಂಡತಿಯು ಗಂಡನ ಇರುವಿಕೆಯನ್ನು ನೋಡುವುದೂ ಉಂಟು. ಚಿಕ್ಕ ಮಗುವಿನ ರಕ್ಷಣೆಗೆ ಇದು ಬೇಕಾಗಬಹುದು. ರಾತ್ರಿ ಪ್ರಯಾಣಿಸುವ ಮಗಳು ತಾನಾಗಿಯೇ ತನ್ನ ದಾರಿಯನ್ನು ಮನೆಯವರಿಗೆ ತೋರಿಸುವುದು ಒಳ್ಳೆಯದೇ. ಆದರೆ ದೂರದ ಊರಿನಲ್ಲಿ ಕಲಿಯುವ ಹುಡುಗಿಯ ಫೋನು ಸಂಜೆ ಏಳು ಗಂಟೆಗೆ ಹಾಸ್ಟೆಲಿನ ಬದಲು ಅಪರಿಚಿತವಾದ ಒಂದು ಕಟ್ಟಡದಲ್ಲಿದೆಯೆಂದು ನಕ್ಷೆ ತೋರಿಸಿದಾಗ ಮನೆಯಲ್ಲಿ ಏನಾಗುತ್ತದೆ ಎಂದು ಯೋಚಿಸಿ. ನಕ್ಷೆಯಲ್ಲಿರುವುದು ಒಂದು ಚುಕ್ಕೆ ಮಾತ್ರ. ಜ್ವರ ಬಂದ ಗೆಳತಿಯನ್ನು ಕರೆದುಕೊಂಡು ಅವಳು ಅಲ್ಲಿನ ಕ್ಲಿನಿಕ್ಕಿಗೆ ಹೋಗಿರಬಹುದು. ಫೋನನ್ನು ಅಂಗಡಿಯಲ್ಲಿ ಮರೆತು ಬಂದಿರಬಹುದು. ಅಥವಾ ತಂದೆ ಹೆದರಿದಂತೆಯೇ ಏನಾದರೂ ಇರಬಹುದು. ಚುಕ್ಕೆಯು ಇವುಗಳಲ್ಲಿ ಯಾವುದನ್ನೂ ಹೇಳುವುದಿಲ್ಲ. ಹೇಳುವುದು ನಮ್ಮ ಮನಸ್ಸಿನ ಭಯ.

ಆಗ ಎರಡು ದಾರಿಗಳಿವೆ. "ಮಗಳೇ, ಎಲ್ಲಿದ್ದೀ, ಊಟ ಆಯಿತಾ?" ಎಂದು ಕೇಳಬಹುದು. "ಎಲ್ಲಿಗೆ ಹೋಗಿದ್ದೀಯೆಂದು ನನಗೆ ಗೊತ್ತಿದೆ" ಎಂದು ಗದರಬಹುದು. ಮೊದಲನೆಯ ಮಾತಿನಲ್ಲಿ ಅವಳಿಗೆ ತನ್ನ ಸಂದರ್ಭವನ್ನು ತಾನೇ ಹೇಳುವ ಅವಕಾಶವಿದೆ. ಎರಡನೆಯದರಲ್ಲಿ ತೀರ್ಪು ಮೊದಲೇ ಬಂದಿದೆ. ಒಮ್ಮೆ ಹಾಗೆ ತೀರ್ಪು ಕೇಳಿದ ಮಗು ಮುಂದಿನ ಬಾರಿ ಫೋನನ್ನು ಹಾಸ್ಟೆಲಿನಲ್ಲಿಟ್ಟು ಹೊರಗೆ ಹೋಗಲು ಕಲಿಯುತ್ತದೆ. ಚುಕ್ಕೆಯು ಸರಿಯಾದ ಜಾಗದಲ್ಲಿರುತ್ತದೆ, ಮಗು ಮಾತ್ರ ನಮ್ಮಿಂದ ದೂರವಾಗಿರುತ್ತದೆ. ಜನರ ದೋಷಗಳನ್ನು ಬೆನ್ನಟ್ಟಿದರೆ ಅವರನ್ನು ಕೆಡಿಸಿದಂತಾಗುವುದೆಂಬ ಪ್ರವಾದಿವರ್ಯರ(ಸ) ಎಚ್ಚರಿಕೆಯು ಮನೆಗಳಿಗೂ ಅನ್ವಯಿಸುತ್ತದೆ.

ಇನ್ನೊಂದು ಬದಿಯೂ ಇದೆ. ರಮಝಾನಿನಲ್ಲಿ ಪ್ರವಾದಿವರ್ಯರು(ಸ) ಮಸೀದಿಯಲ್ಲಿ ಇಅ್‌ತಿಕಾಫ್‌ನಲ್ಲಿದ್ದಾಗ ಪತ್ನಿ ಹಝ್ರತ್ ಸಫಿಯ್ಯಾ(ರ) ಅವರನ್ನು ಕಾಣಲು ಬಂದಿದ್ದರು. ರಾತ್ರಿ ಅವರನ್ನು ಬೀಳ್ಕೊಡಲು ಜೊತೆಯಲ್ಲಿ ಹೋಗುತ್ತಿದ್ದಾಗ ಇಬ್ಬರು ಅನ್ಸಾರಿಗಳು ಕಂಡು ಬೇಗ ಬೇಗನೆ ಮುಂದೆ ನಡೆದರು. ಪ್ರವಾದಿವರ್ಯರು(ಸ) ಅವರನ್ನು ತಡೆದು, ಜೊತೆಯಲ್ಲಿರುವುದು ಸಫಿಯ್ಯಾ ಎಂದು ತಿಳಿಸಿದರು. ಅವರ ಮನಸ್ಸಿನಲ್ಲಿ ಶೈತಾನನು ಏನಾದರೂ ಹಾಕಬಹುದೆಂಬ ಕಾಳಜಿ ಅದಕ್ಕೆ ಕಾರಣವಾಗಿತ್ತು. ಯಾರೂ ಸಂಶಯಿಸಲಾಗದ ವ್ಯಕ್ತಿತ್ವವೇ ತನ್ನ ಸಂದರ್ಭವನ್ನು ತಾನಾಗಿ ವಿವರಿಸಿತು. ಮನೆಯವರಿಗೆ ಒಂದು ಮಾತು ಹೇಳಿ ಹೋಗುವುದು, ತಡವಾದರೆ ತಿಳಿಸುವುದು ಸ್ವಾತಂತ್ರ್ಯಕ್ಕೆ ಕುಂದೆಂದು ಭಾವಿಸುವ ನಮ್ಮ ಯುವಕ ಯುವತಿಯರು ಇದನ್ನು ಗಮನಿಸಬೇಕು. ನಂಬಿಕೆಯು ಎರಡೂ ಕಡೆಯಿಂದ ಕಟ್ಟಬೇಕಾದ ಗೋಡೆ. ಒಬ್ಬರು ಹೇಳಬೇಕು, ಇನ್ನೊಬ್ಬರು ಕೇಳಬೇಕು.

ಸಂದರ್ಭವರಿತ ಯಂತ್ರಗಳು ಇನ್ನು ಹಿಂದಕ್ಕೆ ಹೋಗುವುದಿಲ್ಲ. ಅವು ಮತ್ತಷ್ಟು ಚುರುಕಾಗಲಿವೆ, ಅವುಗಳಿಂದ ನಮಗೆ ಉಪಕಾರವೂ ಆಗಲಿದೆ. ಆದರೆ ಯಾವ ಊಹೆಯಾದರೂ, ಯಂತ್ರದ್ದಾಗಿರಲಿ ನಮ್ಮದೇ ಆಗಿರಲಿ, ಮುಂದೆ ಬಂದಾಗ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಬೇಕು. ಇದರಲ್ಲಿ ಕಂಡದ್ದೆಷ್ಟು, ಕೂಡಿಸಿಕೊಂಡದ್ದೆಷ್ಟು? ಇದು ತಪ್ಪಾದರೆ ನಷ್ಟ ಯಾರಿಗೆ, ಅದನ್ನು ಸರಿಪಡಿಸಲು ಸಾಧ್ಯವೇ? ಯಾರ ಕುರಿತು ಊಹಿಸಿದ್ದೇವೋ ಅವರನ್ನು ಕೇಳಿದ್ದೇವೆಯೇ? ಮೂರನೆಯ ಪ್ರಶ್ನೆಗೆ ಇಲ್ಲವೆಂಬ ಉತ್ತರ ಬಂದರೆ ನಮ್ಮ ತೀರ್ಮಾನವನ್ನು ತಡೆದಿಡುವುದೇ ನ್ಯಾಯ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮನದೊಳಗಿನದನ್ನು ಪೂರ್ಣವಾಗಿ ಬಲ್ಲವನು ಅಲ್ಲಾಹನು ಮಾತ್ರ. ಉಳಿದ ನಮಗೆ, ನಾವು ಮಾಡಿದ ಯಂತ್ರಗಳಿಗೂ, ಕೇಳಿ ತಿಳಿಯುವ ದಾರಿಯೊಂದೇ ಇರುವುದು. ಇನ್ನೊಬ್ಬರ ಕುರಿತು ಒಳ್ಳೆಯ ಭಾವನೆಯಿಡುವ, ಹೇಳುವವರ ಮಾತನ್ನು ತಾಳ್ಮೆಯಿಂದ ಕೇಳುವ ಮನಸ್ಸನ್ನು ಅವನು ನಮಗೆ ದಯಪಾಲಿಸಲಿ.